‘ಥ್ಯಾಂಕ್ಯೂ ಹೇಳು’ ಎನ್ನುವ ಮೊದಲು ಆ ಕೌದಿಯನ್ನು ಬಿಡಿಸಿ ಹಾಸಿ

ಪ್ರಶ್ನೆ: ನಾವು ಧಾರವಾಡದಲ್ಲಿದ್ದೇವೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಮಗಳಿಗೆ ಐದೂವರೆ ವರ್ಷ, ಮಗನಿಗೆ ಮೂರು. ಮಗಳ ಹುಟ್ಟುಹಬ್ಬಕ್ಕೆ ನನ್ನ ಅತ್ತೆಯವರು ಊರಿನಿಂದ ಬರುವಾಗ ತಾವೇ ಹೊಲಿದ ಪುಟ್ಟ ಕೌದಿಯೊಂದನ್ನು ತಂದಿದ್ದರು. ಮಗಳು ಅದನ್ನು ನೋಡಿದವಳೇ ‘ಹಳೇ ಬಟ್ಟೆ, ನನಗೆ ಬೇಡ’ ಎಂದು ಎಲ್ಲರೆದುರು ಸೋಫಾದ ಮೇಲೆ ಎಸೆದಳು. ‘ಅಜ್ಜಿಗೆ ಥ್ಯಾಂಕ್ಯೂ ಹೇಳು’ ಎಂದು ಗದರಿಸಿದ ಮೇಲೆ ತಲೆ ತಗ್ಗಿಸಿ ಹೇಳಿದಳು. ಅತ್ತೆ ನಕ್ಕರು, ಆದರೆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ಮಗ ಮೊನ್ನೆ ಗೇಟಿನ ಬಳಿ ಮಲಗಿದ್ದ ನಾಯಿಮರಿಗೆ ಕಲ್ಲು ಹೊಡೆದು ನಕ್ಕ. ಕೆಲಸದವಳಿಗೂ ಮಗಳು ಎದುರು ಮಾತನಾಡುತ್ತಾಳೆ. ಮಕ್ಕಳಿಗೆ ನಾವು ಏನೂ ಕಡಿಮೆ ಮಾಡಿಲ್ಲ, ಅದೇ ತಪ್ಪಾಯಿತೇ? ಮುಂದಿನ ಹುಟ್ಟುಹಬ್ಬವನ್ನು ಅನಾಥಾಶ್ರಮದಲ್ಲಿ ಮಾಡಿದರೆ ಬುದ್ಧಿ ಬರುತ್ತದೆ ಎನ್ನುತ್ತಾರೆ ನಮ್ಮವರು. ಇಷ್ಟು ಚಿಕ್ಕವರಿಗೆ ಕೃತಜ್ಞತೆ, ಕರುಣೆ ಕಲಿಸುವುದು ಹೇಗೆ? ಯುಗಾದಿಗೆ ಅತ್ತೆ ಮತ್ತೆ ಬರುತ್ತಾರೆ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೆಯ ಸಲ ಕಣ್ಣು ನಿಂತದ್ದು ‘ಅತ್ತೆ ನಕ್ಕರು, ಆದರೆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ’ ಎಂಬ ಸಾಲಿನ ಮೇಲೆ. ಆ ತಟ್ಟೆಯಲ್ಲಿ ಉಳಿದ ಅನ್ನ ನಿಮ್ಮ ಕಣ್ಣಿಗೆ ಬಿತ್ತು, ಅದರ ಕಾರಣವೂ ಹೊಳೆಯಿತು. ಮಗಳು ಅದೇ ಮನೆಯಲ್ಲಿ, ಬಹುಶಃ ಅಜ್ಜಿಯ ಪಕ್ಕದಲ್ಲೇ ಕುಳಿತು ಉಣ್ಣುತ್ತಿದ್ದಳು. ಅವಳಿಗೆ ಕಾಣಲಿಲ್ಲ. ಕಾಣಿಸುವ ಕೆಲಸವನ್ನು ಯಾರೂ ಮಾಡಲೂ ಇಲ್ಲ. ಈ ಸಾಲಿಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಕೃತಜ್ಞತೆ ಎಂಬ ಪದವನ್ನು ನಾವು ಸಾಮಾನ್ಯವಾಗಿ ಬಿಡಿಸಿ ನೋಡುವುದಿಲ್ಲ. ಕೃತ ಎಂದರೆ ಮಾಡಿದ್ದು, ಜ್ಞ ಎಂದರೆ ಬಲ್ಲವರು. ತನಗಾಗಿ ಇನ್ನೊಬ್ಬರು ಏನೋ ಮಾಡಿದ್ದಾರೆ ಎಂಬುದನ್ನು ಬಲ್ಲವರು ಕೃತಜ್ಞರು. ಬಾಯಿಬಿಟ್ಟು ಹೇಳುವ ವಿಚಾರವೇ ಆ ಪದದೊಳಗಿಲ್ಲ. ಹಾಗಾಗಿ ಮಗುವಿಗೆ ಮೊದಲು ತಲುಪಬೇಕಾದದ್ದು ಸುದ್ದಿ. ಇದನ್ನು ಯಾರು ಮಾಡಿದರು, ಎಷ್ಟು ಹೊತ್ತು ಮಾಡಿದರು, ಮಾಡುವಾಗ ಯಾರನ್ನು ನೆನೆದರು ಎಂಬ ಸುದ್ದಿ. ಅದು ತಲುಪದ ಮಗುವಿನ ಬಾಯಿಂದ ಥ್ಯಾಂಕ್ಯೂ ಹೊರಡಿಸಿದರೆ ಅದು ಅರ್ಥ ಗೊತ್ತಿಲ್ಲದೆ ಒಪ್ಪಿಸಿದ ಮಗ್ಗಿಯಂತೆ.

ಒಂದು ಕ್ಷಣ ಮಗಳ ಜಾಗದಲ್ಲಿ ಕುಳಿತು ನೋಡಿ. ಸುತ್ತ ಹೊಳೆಯುವ ಕಾಗದದ ಪೊಟ್ಟಣಗಳು. ನಡುವೆ ಒಂದು ಕೌದಿ. ‘ಹಳೇ ಬಟ್ಟೆ’ ಎಂದಳು. ಸುಳ್ಳೇನು ಹೇಳಲಿಲ್ಲವಲ್ಲ! ಕೌದಿ ಎಂದರೆ ಹಳೆಯ ಬಟ್ಟೆಯೇ. ಸವೆದ ಸೀರೆ, ಧೋತರ, ಚಿಕ್ಕದಾದ ಅಂಗಿ ಇವನ್ನೆಲ್ಲ ಪದರ ಪದರವಾಗಿ ಹಾಸಿ, ಅಂಚಿನಿಂದ ನಡುವಿನವರೆಗೆ ಕೈಯಿಂದ ದಾರ ಓಡಿಸುತ್ತ ಹೋಗಬೇಕು. ಪದರ ದಪ್ಪವಾದಷ್ಟೂ ಸೂಜಿ ಇಳಿಯುವುದು ಕಷ್ಟ. ಹೊಲಿಯುವವರ ಬೆರಳ ತುದಿಯನ್ನು ಮುಟ್ಟಿ ನೋಡಿದರೆ ಲೆಕ್ಕ ಸಿಗುತ್ತದೆ. ಹಳೆಯ ಬಟ್ಟೆಯನ್ನೇ ಹುಡುಕಿ ಹಾಕುವುದಕ್ಕೂ ಕಾರಣವಿದೆ. ವರ್ಷಗಟ್ಟಲೆ ಒಗೆದು ಒಣಗಿಸಿದ ನೂಲಿನ ಸೀರೆಯ ಮೆತ್ತನೆ ಅಂಗಡಿಯಿಂದ ತಂದ ಬಟ್ಟೆಗೆ ಬರುವುದಿಲ್ಲ. ನಿಮ್ಮ ಪಕ್ಕದ ಉತ್ತರ ಕನ್ನಡದಲ್ಲಿ, ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಕೌದಿಯ ಮೂಲೆಗಳಿಗೆ ಬಟ್ಟೆ ಮಡಚಿ ಮಾಡಿದ ‘ಹೂವು’ ಹೊಲಿಯದೆ ಕೆಲಸ ಮುಗಿಯಿತು ಎನ್ನುವುದಿಲ್ಲ. ಬೆಚ್ಚಗಿರಲು ಆ ಹೂವಿನ ಅಗತ್ಯವೇನೂ ಇಲ್ಲ. ಆದರೂ ಹೊಲಿಯುತ್ತಾರೆ.

ಇದರಲ್ಲಿ ಒಂದಂಶವೂ ಐದೂವರೆ ವರ್ಷದವಳಿಗೆ ಕೌದಿ ನೋಡಿದೊಡನೆ ತಾನಾಗಿ ಹೊಳೆಯಲಾರದು. ತೋರಿಸಬೇಕು. ನನ್ನ ಬಳಿ ಬರುತ್ತಿದ್ದ ಒಂದು ಕುಟುಂಬದಲ್ಲಿ ಇಂಥದೇ ಒಂದು ಕೌದಿ ಅಟ್ಟದ ಮೇಲೆ ಬಿದ್ದಿತ್ತು. ಅಜ್ಜಿಯನ್ನು, ಆರು ವರ್ಷದ ಮೊಮ್ಮಗನನ್ನು ಅದರ ಮೇಲೆ ಕೂರಿಸಿ ‘ಇದರಲ್ಲಿ ನಿಮ್ಮ ಮನೆಯವರನ್ನು ಹುಡುಕಿ’ ಎಂದು ಹೇಳಿದ್ದೆ. ಅಜ್ಜಿ ಒಂದು ನೀಲಿ ಚೌಕದ ಮೇಲೆ ಬೆರಳಿಟ್ಟು ‘ಇದು ನಿನ್ನ ಅಪ್ಪ ಕನ್ನಡ ಶಾಲೆಗೆ ಹೋಗುವಾಗ ಹಾಕುತ್ತಿದ್ದ ಚಡ್ಡಿ’ ಎಂದರು. ಹುಡುಗ ಬಗ್ಗಿ ಅದನ್ನು ಮೂಸಿ ನೋಡಿದ! ಅಪ್ಪ ಚಡ್ಡಿ ಹಾಕುತ್ತಿದ್ದ ಎಂಬುದೇ ಅವನಿಗೆ ದೊಡ್ಡ ಸುದ್ದಿ. ಅರ್ಧ ಗಂಟೆಯಲ್ಲಿ ಅವನು ಅತ್ತೆಯ ಲಂಗ, ಮುತ್ತಜ್ಜಿಯ ಇಳಕಲ್ ಸೀರೆಯ ಸೆರಗು ಎಲ್ಲವನ್ನೂ ಗುರುತಿಸಿದ. ಆ ರಾತ್ರಿ ಅದನ್ನೇ ಹೊದ್ದುಕೊಂಡ. ಥ್ಯಾಂಕ್ಯೂ ಎಂದನೋ ಇಲ್ಲವೋ ನಾನು ಕೇಳಲಿಲ್ಲ, ಅಜ್ಜಿಯೂ ಹೇಳಲಿಲ್ಲ.

ಇನ್ನು ವಯಸ್ಸಿನ ಮಾತು. ಚಿಕ್ಕ ಮಕ್ಕಳಿಗೆ ಕರುಣೆಯೇ ಇರುವುದಿಲ್ಲ, ನಾವು ಹೊರಗಿನಿಂದ ತುಂಬಬೇಕು ಎಂದು ಬಹಳ ಜನ ನಂಬಿದ್ದಾರೆ. ನಾನು ಹಾಗೆ ತಿಳಿದಿಲ್ಲ. 2006ರಲ್ಲಿ ಫೆಲಿಕ್ಸ್ ವಾರ್ನೆಕನ್ ಮತ್ತು ಮೈಕೆಲ್ ಟೊಮಾಸೆಲ್ಲೊ ಎಂಬ ಸಂಶೋಧಕರು ಹದಿನೆಂಟು ತಿಂಗಳ ಕೂಸುಗಳ ಮೇಲೆ ನಡೆಸಿದ ಒಂದು ಪ್ರಯೋಗವನ್ನು ಪ್ರಕಟಿಸಿದರು. ದೊಡ್ಡವರೊಬ್ಬರು ಬಟ್ಟೆ ಒಣಹಾಕುತ್ತಿರುವಾಗ ಕ್ಲಿಪ್ಪು ಕೈಜಾರಿ ಬೀಳುತ್ತದೆ, ಅವರಿಗೆ ಎಟಕುವುದಿಲ್ಲ. ಕೂಸುಗಳು ತೊಟ್ಟಿಲಿನಿಂದ ಇಳಿದು ಇನ್ನೂ ಬಹಳ ದಿನವಾಗಿಲ್ಲ, ಆದರೂ ಹೋಗಿ ಎತ್ತಿಕೊಟ್ಟವು. ಯಾರೂ ಕೇಳಿರಲಿಲ್ಲ, ಯಾರೂ ಶಾಭಾಷ್ ಎನ್ನಲಿಲ್ಲ. ಬೇಕೆಂದೇ ಎಸೆದ ಕ್ಲಿಪ್ಪನ್ನು ಹಾಗೆ ಎತ್ತಿಕೊಡಲು ಹೋಗಲಿಲ್ಲ. ಎರಡು ವರ್ಷದ ನಂತರ ಅದೇ ಇಬ್ಬರು ಇನ್ನೊಂದು ಪರೀಕ್ಷೆ ಮಾಡಿದರು. ನೆರವಾದ ಮಕ್ಕಳಲ್ಲಿ ಕೆಲವರಿಗೆ ಪ್ರತಿಸಲವೂ ಒಂದು ಆಟಿಕೆಯ ಬಹುಮಾನ ಕೊಟ್ಟರು. ಬಹುಮಾನದ ರುಚಿ ಹತ್ತಿದ ಮಕ್ಕಳು ಆಮೇಲೆ ಉಳಿದವರಿಗಿಂತ ಕಡಿಮೆ ನೆರವಾದರು. ‘ತಮ್ಮನಿಗೆ ಕೊಟ್ಟರೆ ಚಾಕೊಲೇಟ್ ಕೊಡುತ್ತೇನೆ’ ಎನ್ನುವ ನಮ್ಮ ವ್ಯಾಪಾರ ಏನು ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಬಟ್ಟೆ ಒಣಹಾಕುವ ಕ್ಲಿಪ್ಪು ನಿಮ್ಮ ಮನೆಯಲ್ಲೂ ಇದೆ. ನಿಮ್ಮ ಮಗನೂ ಅದನ್ನು ಎತ್ತಿಕೊಡಲು ಬಂದಿರುತ್ತಾನೆ. ಆಗ ನಾವು ಹೇಳುವುದೇನು? ‘ನೀನು ಹೋಗಿ ಆಡಿಕೋ, ನನಗೆ ಹೊತ್ತಾಯಿತು.’ ಅವರು ಹಿಟ್ಟು ನಾದಲು ಬಂದರೆ ಚೆಲ್ಲುತ್ತಾರೆ, ನೀರು ತರಲು ಹೋದರೆ ಅರ್ಧ ದಾರಿಯಲ್ಲೇ ಸುರಿಯುತ್ತಾರೆ, ಕಸ ಗುಡಿಸಿದರೆ ಇನ್ನಷ್ಟು ಹರಡುತ್ತಾರೆ. ಕೆಲಸಕ್ಕೆ ಹೋಗುವ ತಾಯಿಗೆ ಬೆಳಗಿನ ಎಂಟು ಗಂಟೆಗೆ ಇದನ್ನೆಲ್ಲ ಸಹಿಸು ಎಂದು ಹೇಳುವ ಧೈರ್ಯ ನನಗಿಲ್ಲ. ಭಾನುವಾರ ಒಂದು ಹೊತ್ತಾದರೂ ಸಹಿಸಿ. ಮಗಳ ಕೈಗೆ ಜೋಳದ ಹಿಟ್ಟಿನ ಒಂದು ಉಂಡೆ ಕೊಡಿ, ರೊಟ್ಟಿ ತಟ್ಟಲಿ. ಅಂಚು ಒಡೆಯುತ್ತದೆ, ಎತ್ತುವಾಗ ಹರಿಯುತ್ತದೆ, ಹೆಂಚಿನ ಬಿಸಿ ತಾಗುತ್ತದೆ. ಒಂದು ರೊಟ್ಟಿಯ ಹಿಂದೆ ಏನಿದೆ ಎಂಬುದು ಅಂಗೈಗೆ ಗೊತ್ತಾದ ಮೇಲೆ ‘ಎಷ್ಟೋ ಮಕ್ಕಳಿಗೆ ಊಟವೇ ಇಲ್ಲ, ನೀನು ತಟ್ಟೆಯಲ್ಲಿ ಬಿಡುತ್ತೀಯಾ’ ಎಂಬ ಭಾಷಣದ ಅಗತ್ಯ ಬೀಳುವುದಿಲ್ಲ. ಆ ಭಾಷಣ ಕೇಳಿ ಯಾವ ಮಗುವೂ ಹೆಚ್ಚು ತಿಂದದ್ದನ್ನು ನಾನಂತೂ ನೋಡಿಲ್ಲ.

ಆದರೆ ಮನಸ್ಸಿದ್ದ ಮಾತ್ರಕ್ಕೆ ತಿಳಿವಳಿಕೆ ಇರುವುದಿಲ್ಲ, ಅದು ಬೇರೆ ದಾರಿಯಲ್ಲಿ ನಿಧಾನವಾಗಿ ಬರುತ್ತದೆ. ಬೆಟ್ಟಿ ರೆಪಾಚೋಲಿ ಮತ್ತು ಆಲಿಸನ್ ಗಾಪ್ನಿಕ್ 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಬ್ಬಾಕೆ ಮಗುವಿನೆದುರು ಬ್ರೊಕೊಲಿ ತಿಂದು ‘ಆಹಾ’ ಎಂದಳು, ಬಿಸ್ಕತ್ತು ತಿಂದು ಮುಖ ಕಿವುಚಿದಳು. ನಂತರ ಕೈ ಚಾಚಿದಳು. ಹದಿನಾಲ್ಕು ತಿಂಗಳ ಮಕ್ಕಳು ಹೆಚ್ಚಾಗಿ ಬಿಸ್ಕತ್ತನ್ನೇ ಕೊಟ್ಟವು, ತಮಗೆ ಅದು ಇಷ್ಟ ತಾನೇ! ಹದಿನೆಂಟು ತಿಂಗಳವು ಬ್ರೊಕೊಲಿ ಕೊಟ್ಟವು. ನನಗೆ ಬೇಕಾದದ್ದು ನಿನಗೆ ಬೇಡವಾಗಿರಬಹುದು ಎಂಬ ಅರಿವು ಅಲ್ಲಿ ಮೊಳಕೆಯೊಡೆಯುತ್ತದೆ. ಆದರೆ ಎದುರಿನವರ ಮನಸ್ಸಿನಲ್ಲಿ ಏನು ನಡೆದಿದೆ, ನನಗೆ ಗೊತ್ತಿರುವುದು ಅವರಿಗೆ ಗೊತ್ತಿಲ್ಲದಿರಬಹುದು ಎಂಬ ಲೆಕ್ಕಾಚಾರ ಕುದುರಲು ನಾಲ್ಕು ವರ್ಷವಾದರೂ ಬೇಕು. ನಗುತ್ತಿರುವ ಅಜ್ಜಿ ಒಳಗೆ ನೊಂದಿರಬಹುದು ಎಂಬುದು ಅದಕ್ಕಿಂತಲೂ ಮೇಲಿನ ಪಾಠ. ನಿಮ್ಮ ಮಗಳು ಈಗಷ್ಟೇ ಅದರ ಹೊಸ್ತಿಲಲ್ಲಿದ್ದಾಳೆ. ನಗುವಿನ ಹಿಂದೆ ಬೇಸರವಿತ್ತು ಎಂದು ಯಾರಾದರೂ ಹೇಳಿಕೊಡದಿದ್ದರೆ ಅವಳಿಗೆ ಅಜ್ಜಿ ನಕ್ಕಿದ್ದಷ್ಟೇ ನೆನಪು.

ಉಪಕಾರಕ್ಕೆ ಮಕ್ಕಳು ಪ್ರತಿಯಾಗಿ ಮಾಡುವುದೂ ಅವರದೇ ರೀತಿಯಲ್ಲಿ ಇರುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಫ್ರಾಂಜಿಸ್ಕಾ ಬೌಮ್‌ಗಾರ್ಟನ್ ಎಂಬ ಮನಶ್ಶಾಸ್ತ್ರಜ್ಞೆ 1938ರಷ್ಟು ಹಿಂದೆಯೇ ಶಾಲಾಮಕ್ಕಳನ್ನು ‘ನಿನ್ನ ದೊಡ್ಡ ಆಸೆ ಯಾವುದು, ಅದನ್ನು ಈಡೇರಿಸಿದವರಿಗೆ ಏನು ಮಾಡುತ್ತೀಯ’ ಎಂದು ಕೇಳಿದ್ದರು. ಕೊಟ್ಟವರಿಗೆ ಏನು ಇಷ್ಟವಾದೀತು ಎಂದು ಯೋಚಿಸದೆ ತಮಗೆ ಇಷ್ಟವಾದದ್ದನ್ನೇ ಕೊಡುತ್ತೇವೆ ಎನ್ನುವ ಉತ್ತರ ಚಿಕ್ಕವರಲ್ಲಿ ಹೆಚ್ಚು. ಆದ್ದರಿಂದ ನಿಮ್ಮ ಮಗ ಅರ್ಧ ಕಚ್ಚಿದ ಪೇಢೆಯನ್ನು ಎಂಜಲು ಸಮೇತ ಅಜ್ಜಿಯ ಬಾಯಿಗೆ ಇಡಲು ಬಂದರೆ ‘ಛೀ’ ಎನ್ನಬೇಡಿ. ಅವನ ವಯಸ್ಸಿಗೆ ಅದೇ ವಂದನಾರ್ಪಣೆ.

ನಾಯಿಮರಿಯ ವಿಷಯಕ್ಕೆ ಬರುತ್ತೇನೆ. ಮೂರು ವರ್ಷದವನು ಕಲ್ಲು ಹೊಡೆದು ನಕ್ಕದ್ದು ಕ್ರೌರ್ಯವೆಂದು ಎದೆ ಒಡೆದುಕೊಳ್ಳಬೇಡಿ. ಗುಂಡಿ ಒತ್ತಿದರೆ ಹಾಡುವ ಆಟಿಕೆಗೂ ಕಲ್ಲು ತಾಗಿದರೆ ಕುಂಯ್ ಎನ್ನುವ ಮರಿಗೂ ಇರುವ ವ್ಯತ್ಯಾಸ ಅವನಿಗೆ ಇನ್ನೂ ಪೂರ್ತಿ ಗೊತ್ತಿಲ್ಲ. ಹಾಗೆಂದು ‘ಮಗು, ಬಿಡಿ’ ಎಂದು ನಕ್ಕು ಸುಮ್ಮನಾಗುವಂತೆಯೂ ಇಲ್ಲ. ಮುಂದಿನ ಸಲ ಕಲ್ಲೆತ್ತಿದ ಕೈಯನ್ನು ಹಿಡಿದುಕೊಳ್ಳಿ, ಅವನೆದುರು ಕುಕ್ಕರಗಾಲಿನಲ್ಲಿ ಕುಳಿತು ಚಿಕ್ಕ ಚಿಕ್ಕ ಮಾತಿನಲ್ಲಿ ಹೇಳಿ: ‘ಮರಿ ಕುಂಯ್ ಎಂದಿತು. ಅದಕ್ಕೆ ನೋವಾಯಿತು. ಹೊಡೆಯಲು ನಾನು ಬಿಡುವುದಿಲ್ಲ.’ ಅಷ್ಟೇ ಸಾಕು. ಹೊಡೆಯಬಾರದು ಎಂದು ಕಲಿಸಲು ಅವನ ಬೆನ್ನಿಗೆ ಎರಡು ಬಿಟ್ಟರೆ ಅವನು ಕಲಿಯುವುದು ದೊಡ್ಡವರು ಚಿಕ್ಕವರಿಗೆ ಹೊಡೆಯಬಹುದು ಎಂಬುದನ್ನು. ಮರಿಗಿಂತ ಅವನು ದೊಡ್ಡವನಲ್ಲವೇ! ಆಮೇಲೆ ಸರಿಪಡಿಸುವ ಒಂದು ಕೆಲಸ ಇರಲಿ. ಗೇಟಿನಾಚೆ ಒಂದು ಮಣ್ಣಿನ ಬೋಗುಣಿಯಲ್ಲಿ ನೀರಿಡುವುದು, ಬೇಸಿಗೆಯಲ್ಲಿ ದಿನಕ್ಕೆರಡು ಸಲ ತುಂಬುವುದು. ನೀರು ಸುರಿಯುವವನು ಅವನು, ಬೋಗುಣಿ ಇಡುವವರು ನೀವು. ಬೀದಿನಾಯಿಯ ಬಳಿಗೆ, ಅದರಲ್ಲೂ ಮರಿ ಹಾಕಿದ ತಾಯಿನಾಯಿಯ ಬಳಿಗೆ ಇಷ್ಟು ಚಿಕ್ಕವರನ್ನು ಒಂಟಿಯಾಗಿ ಬಿಡಲೇಬಾರದು. ಕಚ್ಚಿದರೆ, ಪರಚಿದರೂ ಸಹ, ಹರಿಯುವ ನೀರಿನಲ್ಲಿ ಸಾಬೂನು ಹಾಕಿ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಕರುಣೆಯ ಪಾಠದ ನಡುವೆ ರೇಬೀಸ್ ಮಾತು ಯಾಕೆ ಎನ್ನಬೇಡಿ, ಎರಡೂ ಒಂದೇ ಗೇಟಿನ ಬಳಿ ಇವೆ.

ಈ ಮಗು ಬಿದ್ದಾಗ ನಿಮ್ಮ ಮನೆಯಲ್ಲಿ ಏನು ಮಾಡುತ್ತೀರಿ ಎಂದು ಕೇಳಬೇಕೆನಿಸಿತು. ನಮ್ಮ ಕಡೆಯ ಬಹುತೇಕ ಮನೆಗಳಲ್ಲಿ ನೆಲಕ್ಕೆ ಎರಡು ಏಟು ಹಾಕಿ ‘ನನ್ನ ಬಂಗಾರಕ್ಕೆ ನೋವು ಮಾಡಿದೆಯಾ’ ಎಂದು ಗದರುತ್ತೇವೆ. ಇಲ್ಲವೇ ‘ಅಯ್ಯೋ, ಇರುವೆ ಸತ್ತುಹೋಯಿತು ನೋಡು’ ಎಂದು ಅಳು ಮರೆಸುತ್ತೇವೆ. ಅಕ್ಕರೆಯಿಂದಲೇ ಮಾಡುತ್ತೇವೆ, ನಾನೂ ಮಾಡಿದ್ದೇನೆ. ಆದರೆ ಮಗುವಿನ ಪಾಲಿಗೆ ಅಲ್ಲಿ ದೊರೆತದ್ದು ಎರಡು ಪಾಠ: ನನಗೆ ನೋವಾದರೆ ಯಾರಿಗಾದರೂ ಹೊಡೆಯಬೇಕು, ಮತ್ತು ನೋವು ಎಂದರೆ ಬೇರೆ ಕಡೆ ನೋಡಿ ಮರೆಯಬೇಕಾದದ್ದು. ಬದಲಿಗೆ ‘ಎಲ್ಲಿ ನೋವಾಯಿತು, ತೋರಿಸು’ ಎಂದು ಕೇಳಿ, ಒಂದು ನಿಮಿಷ ಅಲ್ಲಿಯೇ ಕೈಯಿಟ್ಟುಕೊಂಡು ಕುಳಿತಿರಿ. ತನ್ನ ಮೊಣಕಾಲಿನ ಗಾಯಕ್ಕೆ ಯಾರೋ ಊದಿದ್ದು ನೆನಪಿರುವ ಮಗುವೇ ನಾಳೆ ಇನ್ನೊಂದು ಮಗುವಿನ ಮೊಣಕಾಲಿಗೆ ಊದುವುದು.

ಇನ್ನೊಂದು ಮಾತು ನಿಮಗೆ ಚುಚ್ಚಬಹುದು, ಕ್ಷಮೆಯಿರಲಿ. ಪತ್ರದಲ್ಲಿ ‘ಕೆಲಸದವಳಿಗೂ ಮಗಳು ಎದುರು ಮಾತನಾಡುತ್ತಾಳೆ’ ಎಂದು ಬರೆದಿದ್ದೀರಿ. ಅತ್ತೆಗೆ ‘ತಂದಿದ್ದರು’, ‘ನಕ್ಕರು’, ಅವರಿಗೆ ‘ಕೆಲಸದವಳು’. ನಮ್ಮ ಭಾಷೆಯಲ್ಲಿ ಮರ್ಯಾದೆ ಕ್ರಿಯಾಪದದ ಬಾಲದಲ್ಲೇ ಇರುತ್ತದೆ, ಮಕ್ಕಳ ಕಿವಿ ಅದನ್ನು ಅಕ್ಷರ ಕಲಿಯುವ ಮೊದಲೇ ಹಿಡಿಯುತ್ತದೆ. ಯಾರಿಗೆ ‘ಬನ್ನಿ’, ಯಾರಿಗೆ ‘ಬಾ’. ಯಾರ ಚಹಾ ಯಾವ ಲೋಟದಲ್ಲಿ, ಆ ಲೋಟವನ್ನು ತೊಳೆದು ಎಲ್ಲಿ ಬೋರಲು ಹಾಕುತ್ತಾರೆ, ಯಾರು ಕುರ್ಚಿಯಲ್ಲಿ, ಯಾರು ನೆಲದ ಮೇಲೆ. ಇದೆಲ್ಲ ಅವರಿಗೆ ದಿನಾ ನಡೆಯುವ ಪಾಠ, ಅದಕ್ಕೆ ರಜೆಯೂ ಇಲ್ಲ.

ನನ್ನದೇ ಒಂದು ಪ್ರಸಂಗ ಹೇಳುತ್ತೇನೆ. ಒಮ್ಮೆ ಪಾಲಕರ ಸಭೆಯೊಂದರಲ್ಲಿ ಮಕ್ಕಳೊಡನೆ ಮೃದುವಾಗಿ ಮಾತನಾಡುವುದು ಹೇಗೆ ಎಂದು ಒಂದೂವರೆ ಗಂಟೆ ಉಪನ್ಯಾಸ ಕೊಟ್ಟು ಮನೆಗೆ ಬಂದೆ. ನಾಲ್ಕು ವರ್ಷದ ಮಗಳು ಗೊಂಬೆಯನ್ನು ಗೋಡೆಗೆ ಒರಗಿಸಿ, ಸೊಂಟದ ಮೇಲೆ ಕೈಯಿಟ್ಟುಕೊಂಡು, ‘ಇದೇನು ಬರುವ ಹೊತ್ತಾ? ದಿನಾ ಒಂದೊಂದು ನೆಪ. ಸಂಬಳ ಹಿಡಿಯುತ್ತೇನೆ ನೋಡು’ ಎನ್ನುತ್ತಿದ್ದಳು. ದನಿ ನನ್ನದು. ಸೊಂಟದ ಮೇಲಿನ ಕೈಯೂ ನನ್ನದು. ಆ ಬೆಳಿಗ್ಗೆ ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವ ಅಕ್ಕ ಅರ್ಧ ಗಂಟೆ ತಡವಾಗಿ ಬಂದಿದ್ದರು. ಅವರ ಮಗನಿಗೆ ಜ್ವರ ಎಂಬುದು ನನಗೆ ತಿಳಿದದ್ದು ಮರುದಿನ. ಕ್ಷಮೆ ಕೇಳಿದೆ, ಮಗಳು ಅಲ್ಲೇ ಇರುವಾಗ ಕೇಳಿದೆ. ನಾಚಿಕೆಯಾಯಿತು, ಆದರೆ ನಾನು ಕೊಟ್ಟ ಉಪನ್ಯಾಸಗಳಲ್ಲಿ ಅದೊಂದು ಮಾತ್ರ ಕೆಲಸಕ್ಕೆ ಬಂದಿತು ಎಂದು ಈಗಲೂ ಅನ್ನಿಸುತ್ತದೆ.

ನೀವು ಏನು ಮಾಡಬಹುದು? ನಿಮ್ಮ ಮನೆಗೆ ಕೆಲಸಕ್ಕೆ ಬರುವವರನ್ನು ಮಕ್ಕಳು ಅಕ್ಕ ಎನ್ನಲಿ. ಅವರ ಮಕ್ಕಳ ಹೆಸರು, ಯಾವ ತರಗತಿ ಎಂಬುದು ನಿಮ್ಮ ಮಕ್ಕಳಿಗೆ ಗೊತ್ತಿರಲಿ. ಅವರು ರಜೆ ಹಾಕಿದ ದಿನ ಸಿಂಕಿನಲ್ಲಿ ಗುಡ್ಡೆಯಾದ ಪಾತ್ರೆಯನ್ನು ಮಗಳಿಗೆ ತೋರಿಸಿ, ಗೊಣಗದೆ ತೋರಿಸಿ, ಅವಳ ಲೋಟ ತಟ್ಟೆಯನ್ನು ಅವಳೇ ತೊಳೆಯಲಿ. ಗಾಜಿನ ಲೋಟ ಒಡೆದ ದಿನವೂ ಒಂದು ಅವಕಾಶ. ಚೂರುಗಳನ್ನು ನೀವೇ ಎತ್ತಿ, ದಪ್ಪ ಕಾಗದದಲ್ಲಿ ಸುತ್ತಿ ದಾರ ಕಟ್ಟಿ. ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡ ಗುರುತು ಹಾಕುವ ಕೆಲಸ ಮಗಳದು. ‘ಯಾಕೆ?’ ಎಂದು ಖಂಡಿತ ಕೇಳುತ್ತಾಳೆ. ಬೆಳಿಗ್ಗೆ ಕಸದ ಗಾಡಿಯಲ್ಲಿ ಬರುವ ಪೌರಕಾರ್ಮಿಕರು ಬರಿಗೈಯಲ್ಲಿ ಚೀಲ ತೆಗೆಯುವುದುಂಟು ಎಂದು ಹೇಳಿ. ಮರುದಿನ ಗಾಡಿಯ ಹಾಡು ಕೇಳಿದೊಡನೆ ಅವಳನ್ನು ಕರೆದುಕೊಂಡು ಹೋಗಿ, ಪೊಟ್ಟಣವನ್ನು ‘ಇದರಲ್ಲಿ ಗಾಜಿದೆ’ ಎಂದು ಹೇಳಿ ಅವರ ಕೈಗೇ ಕೊಡಿ. ಅನುಕಂಪ ಎಂದರೆ ಇನ್ನೊಬ್ಬರ ಜೊತೆ ತಾನೂ ಕಂಪಿಸುವುದು. ಎಂದೂ ಮಾತನಾಡಿಸದ ಒಬ್ಬರ ಅಂಗೈಯನ್ನು ಮಗು ಮೊದಲ ಸಲ ಊಹಿಸಿಕೊಳ್ಳುವುದು ಆ ಕೆಂಪು ಗುರುತು ಹಾಕುವಾಗ.

ಬೀದಿಯಲ್ಲಿ ಯಾರನ್ನಾದರೂ ಕಂಡು ‘ಪಾಪ’ ಎನ್ನುವ ನಮ್ಮ ಅಭ್ಯಾಸವನ್ನು ಮಾತ್ರ ಸ್ವಲ್ಪ ಕಡಿಮೆ ಮಾಡಿ. ಅಂದುಬಿಟ್ಟರೆ ಮುಗಿಯಿತು, ಮುಂದಕ್ಕೆ ಹೋಗಬಹುದು ಎಂಬ ಸೌಕರ್ಯ ಆ ಪದದಲ್ಲಿದೆ.

ಅನಾಥಾಶ್ರಮದ ಹುಟ್ಟುಹಬ್ಬ ಬೇಡ. ನಿಮ್ಮವರ ಉದ್ದೇಶ ಒಳ್ಳೆಯದೇ. ಆದರೆ ಅಲ್ಲಿ ನಡೆಯುವುದನ್ನು ಅಲ್ಲಿನ ಮಗುವಿನ ಕಡೆಯಿಂದ ನೋಡಿ. ಸ್ನಾನ ಮಾಡಿಸಿ, ತಲೆ ಬಾಚಿ ಸಾಲಾಗಿ ನಿಲ್ಲಿಸುತ್ತಾರೆ. ಹೆಸರೇ ಗೊತ್ತಿಲ್ಲದ ಮಗುವಿಗೆ ಚಪ್ಪಾಳೆ ತಟ್ಟಿ ಹಾಡಬೇಕು. ಕೇಕಿನ ತುಂಡು ಕೈಗೆ ಬಂದಾಗ ‘ಥ್ಯಾಂಕ್ಯೂ ಹೇಳು’ ಎಂದು ಅಲ್ಲಿಯೂ ಯಾರೋ ಗದರುತ್ತಾರೆ. ನಿಮ್ಮ ಮಗಳು ಕಲಿಯುವುದೇನು? ತಾನು ಕೊಡುವ ಜಾತಿ, ಅವರು ತೆಗೆದುಕೊಳ್ಳುವ ಜಾತಿ ಎಂಬುದನ್ನು. ಮತ್ತು ಸ್ವಲ್ಪ ಭಯವನ್ನು. ಐದಾರು ವರ್ಷದ ಮಕ್ಕಳು ಅಲ್ಲಿಂದ ಬಂದು ‘ನೀವೂ ನನ್ನನ್ನು ಅಲ್ಲಿ ಬಿಡುತ್ತೀರಾ’ ಎಂದು ರಾತ್ರಿ ಅಳುವುದುಂಟು. ಜೊತೆಗೆ ಅಲ್ಲಿ ತೆಗೆದ ಫೋಟೊಗಳು ಸಂಜೆಯೊಳಗೆ ಎಲ್ಲರ ಮೊಬೈಲಿನಲ್ಲಿ. ಅಂಥ ಮಕ್ಕಳ ಗುರುತು, ಚಿತ್ರ ಮಾಧ್ಯಮಗಳಲ್ಲಿ ಬಹಿರಂಗವಾಗಬಾರದು ಎಂದು 2015ರ ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ. ಕೊಡಬೇಕು ಎನಿಸಿದರೆ ನೀವು ದೊಡ್ಡವರು ಸದ್ದಿಲ್ಲದೆ ಹಣ ಕೊಡಿ.

ಹುಟ್ಟುಹಬ್ಬವನ್ನು ಮನೆಯಲ್ಲೇ ಮಾಡಿ, ಆದರೆ ಆ ದಿನ ಮಗಳು ಬಡಿಸಲಿ. ಪಂಕ್ತಿಯಲ್ಲಿ ಉಪ್ಪು, ನೀರು ಮಕ್ಕಳ ಪಾಲಿನ ಕೆಲಸವಾಗಿತ್ತು. ಎಲೆಯ ತುದಿಯಲ್ಲಿ ಉಪ್ಪು ಇಡುತ್ತ ಹೋಗುವ ಮಗುವಿಗೆ ಪ್ರತಿಯೊಬ್ಬರ ಮುಖವೂ ಕಾಣುತ್ತದೆ. ಪಾತ್ರೆ ತೊಳೆಯುವ ಅಕ್ಕನ ಮಗುವನ್ನು ಅತಿಥಿಯಾಗಿ ಕರೆಯಿರಿ, ಎಲ್ಲರ ಜೊತೆ ಕೂರಿಸಿ. ಉಡುಗೊರೆಗಳನ್ನು ಬಂದವರೆದುರು ಹರಿದು ಬಿಚ್ಚಿಸಬೇಡಿ. ಮರುದಿನದಿಂದ ದಿನಕ್ಕೊಂದು ತೆರೆಯಲಿ, ತೆರೆದಾಗ ಕೊಟ್ಟವರ ಬಗ್ಗೆ ಒಂದು ಮಾತು ಹೇಳಿ, ಅವರಿಗೆ ಫೋನ್ ಮಾಡಿಸಿ. ಏನೂ ಕಡಿಮೆ ಮಾಡದಿದ್ದದ್ದು ತಪ್ಪೇ ಎಂದು ಕೇಳಿದ್ದಿರಲ್ಲ? ವಸ್ತು ಹೆಚ್ಚಾದದ್ದಕ್ಕಿಂತ ಅವು ಹಿಂದುಮುಂದಿಲ್ಲದೆ ಬಂದದ್ದು ದೊಡ್ಡ ತೊಂದರೆ. ಹದಿನೈದು ಪೊಟ್ಟಣ ಒಂದೇ ಸಂಜೆ ಬಿಚ್ಚಿದರೆ ದೊಡ್ಡವರಿಗೂ ಯಾವುದು ಯಾರದೆಂದು ನೆನಪಿರುವುದಿಲ್ಲ.

ಥ್ಯಾಂಕ್ಯೂ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ, ಅದು ನಡವಳಿಕೆ, ಇರಲಿ. ಕನ್ನಡದಲ್ಲಿ ಧನ್ಯವಾದ ಎಂಬುದು ವೇದಿಕೆಯ ಮೇಲಿನ ಪದ, ಅಡುಗೆಮನೆಗೆ ಅದು ಇನ್ನೂ ಬಂದಿಲ್ಲ. ನಮ್ಮ ಅಜ್ಜಿಯಂದಿರು ಬಿಸಿಲಲ್ಲಿ ನೀರು ಕೊಟ್ಟವರಿಗೆ ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎನ್ನುತ್ತಿದ್ದರು. ಕೊಟ್ಟವರ ಹೊಟ್ಟೆಯನ್ನು, ಅವರ ಮಕ್ಕಳ ಸುಖವನ್ನು ನೆನೆದು ಆಡಿದ ಮಾತು ಅದು. ನೀವೂ ಮನೆಯಲ್ಲಿ ಮಾತನ್ನು ತುಸು ಬಿಡಿಸಿ ಆಡಿ. ಗಂಡನಿಗೆ ‘ಥ್ಯಾಂಕ್ಸ್’ ಎನ್ನುವ ಬದಲು ‘ನೀವು ಬೆಳಿಗ್ಗೆಯೇ ಎದ್ದು ಹಾಲು ಕಾಯಿಸಿಟ್ಟಿರಿ, ನನಗೆ ಬಸ್ ತಪ್ಪಲಿಲ್ಲ’ ಎನ್ನಿ. ರಾತ್ರಿ ಊಟಕ್ಕೆ ಕುಳಿತಾಗ ‘ಇವತ್ತು ನಿನಗೆ ಯಾರು ಏನು ಮಾಡಿಕೊಟ್ಟರು’ ಎಂದು ಒಮ್ಮೊಮ್ಮೆ ಕೇಳಿ. ದಿನಾ ಕೇಳಿದರೆ ಅದೂ ಮಗ್ಗಿಯಾಗುತ್ತದೆ. ನಿಮ್ಮ ಭಾಗದಲ್ಲಿ ಹಬ್ಬಗಳೂ ಜೊತೆಗಿವೆ. ಎಳ್ಳ ಅಮಾವಾಸ್ಯೆಯಂದು ಹೊಲಕ್ಕೆ ಹೋಗಿ, ನಾವು ಉಣ್ಣುವ ಮೊದಲು ಚರಗ ಚೆಲ್ಲುವುದನ್ನು, ಅಂದರೆ ಅಡುಗೆಯನ್ನು ಹೊಲದ ತುಂಬ ಎರಚಿ ಭೂತಾಯಿಗೆ ಅರ್ಪಿಸುವುದನ್ನು, ಮಕ್ಕಳ ಕೈಯಿಂದಲೇ ಮಾಡಿಸಿ. ಮಣ್ಣೆತ್ತಿನ ಅಮಾವಾಸ್ಯೆಗೆ ಪೇಟೆಯಿಂದ ಬಣ್ಣ ಬಳಿದ ಜೋಡಿ ತರಬೇಡಿ. ಮಣ್ಣು ತಂದು ಕಲಸಿ, ಕೋಡು ಮುರಿದ ಎತ್ತಾದರೂ ಅವರೇ ಮಾಡಲಿ.

ಎರಡು ಎಚ್ಚರಿಕೆ ಹೇಳಲೇಬೇಕು. ಒಂದು, ‘ಮಾಮ ಇಷ್ಟು ದೊಡ್ಡ ಗೊಂಬೆ ತಂದಿದ್ದಾರೆ, ಒಂದು ಮುತ್ತು ಕೊಡು’ ಎಂದು ಎಂದೂ ಒತ್ತಾಯಿಸಬೇಡಿ. ಉಡುಗೊರೆ ಪಡೆದ ಮಗು ಕೊಟ್ಟವರಿಗೆ ತನ್ನ ಮೈಯನ್ನು ಒಪ್ಪಿಸಬೇಕಾಗಿಲ್ಲ. ಮಕ್ಕಳನ್ನು ಬಲೆಗೆ ಕೆಡಹುವವರು ಶುರುಮಾಡುವುದೇ ಉಡುಗೊರೆಯಿಂದ. ದೂರದಿಂದ ಕೈಮುಗಿದರೂ ಸಾಕು, ನಕ್ಕರೂ ಸಾಕು. ಎರಡು, ‘ನೀನು ಅಕ್ಕ ಅಲ್ಲವೇ, ಬಿಟ್ಟುಕೊಡು’ ಎಂದು ಮಗಳ ಕೈಯಿಂದ ಕಿತ್ತು ಮಗನಿಗೆ ಕೊಡಬೇಡಿ, ಕಿತ್ತುಕೊಟ್ಟದ್ದು ದಾನವಲ್ಲ. ‘ನಿನಗಾಗಿ ನಾನು ಎಷ್ಟು ಕಷ್ಟಪಡುತ್ತೇನೆ ಗೊತ್ತಾ’ ಎಂಬ ಮಾತೂ ಇದೇ ಸಾಲಿನದು. ಅದು ಐದು ವರ್ಷದವಳ ತಲೆಯ ಮೇಲೆ ಸಾಲ ಬರೆಯುವುದು. ಸಾಲಗಾರರು ಸಾಲ ಕೊಟ್ಟವರನ್ನು ಪ್ರೀತಿಯಿಂದ ನೆನೆಯುವುದು ಅಪರೂಪ.

ಮಗನ ವಿಷಯದಲ್ಲಿ ಮುಂದೆ ನೋಡಬೇಕಾದದ್ದು ಇಷ್ಟು: ಆರೇಳು ವರ್ಷ ದಾಟಿದ ಮೇಲೂ ಪ್ರಾಣಿಗಳನ್ನು, ಚಿಕ್ಕ ಮಕ್ಕಳನ್ನು ಮತ್ತೆ ಮತ್ತೆ, ಅದೂ ಕದ್ದುಮುಚ್ಚಿ ನೋಯಿಸುತ್ತಿದ್ದರೆ ಮಕ್ಕಳ ಮನೋವೈದ್ಯರನ್ನು ಕಾಣಬೇಕು. ನಿಮ್ಮ ಊರಿನಲ್ಲಿಯೇ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಈಗ ಆ ಚಿಂತೆ ಬೇಡ.

ಕೊನೆಗೆ, ಮೊದಲು ಹೇಳಿದ ಆ ಸಾಲು. ಅತ್ತೆ ಊಟ ಮಾಡದ್ದನ್ನು ನೀವು ಕಂಡಿರಿ, ನನಗೆ ಪತ್ರ ಬರೆದಿರಿ. ಅವರಿಗೆ ಏನಾದರೂ ಹೇಳಿದಿರಾ? ಹೇಳಿದ್ದರೆ ಪತ್ರದಲ್ಲಿ ಇರುತ್ತಿತ್ತು ಎಂದು ನನ್ನ ಊಹೆ. ಯುಗಾದಿಯವರೆಗೆ ಕಾಯಬೇಡಿ, ಈ ಭಾನುವಾರವೇ ಮಗಳು ಪಕ್ಕದಲ್ಲಿರುವಾಗ ಫೋನ್ ಮಾಡಿ. ‘ಅತ್ತೆ, ಅವತ್ತು ನಿಮಗೆ ಬೇಸರವಾಗಿತ್ತು, ನನಗೆ ಗೊತ್ತಾಯಿತು, ಆದರೂ ನಾನು ಕೇಳಲಿಲ್ಲ, ತಪ್ಪಾಯಿತು’ ಎಂದು ನೀವು ಹೇಳಿ. ಮಗಳ ಬಾಯಿಂದ ಏನನ್ನೂ ಹೇಳಿಸಬೇಡಿ. ಫೋನ್ ಇಟ್ಟ ಮೇಲೆ ‘ಅಜ್ಜಿಗೆ ಬೇಸರ ಆಗಿತ್ತಾ? ನಕ್ಕರಲ್ಲ?’ ಎಂದು ಅವಳು ಕೇಳಬಹುದು. ಆಗ ಉತ್ತರಿಸಿ.

ಅತ್ತೆ ಬರುವ ಹೊತ್ತಿಗೆ ಒಂದು ದೊಡ್ಡ ಕಣ್ಣಿನ ಸೂಜಿ, ಕೆಂಪು ದಾರದ ಉಂಡೆ, ಮಗಳಿಗೆ ಚಿಕ್ಕದಾದ ಒಂದು ಹತ್ತಿ ಫ್ರಾಕು ತೆಗೆದಿಡಿ. ಬೇವು ಬೆಲ್ಲ ಮುಗಿದು ಮಧ್ಯಾಹ್ನ ಎಲ್ಲರೂ ಅಡ್ಡಾದ ಮೇಲೆ ಕೌದಿಯನ್ನು ಬಿಡಿಸಿ ಹಾಸಿ, ಅಜ್ಜಿ ಮೊಮ್ಮಗಳನ್ನು ಅದರ ಮೇಲೆ ಬಿಟ್ಟು ನೀವು ಎದ್ದು ಹೋಗಿ. ಫ್ರಾಕಿನ ತುಂಡೊಂದು ಮೂಲೆಯಲ್ಲಿ ಸೇರಿಕೊಂಡೀತು. ಮಗಳು ಹಾಕಿದ ಹೊಲಿಗೆ ಸೊಟ್ಟಗಿದ್ದರೆ ಆಮೇಲೆ ಬಿಚ್ಚಿ ಸರಿಮಾಡಲು ಹೋಗಬೇಡಿ.